ಕರ್ವಾಲೊ ಮೊದಲಾ, ಚಂದ್ರಗಿರಿಯ ತೀರದಲ್ಲಿ ಮೊದಲಾ?

ಈ ಮಳೆಗಾಲದಲ್ಲಿ ಈ ಎರಡೂ ಕಾದಂಬರಿಗಳನ್ನು ಓದಿದೆ. ತುಂಬ ದಿನದಿಂದ ಪುಸ್ತಕ ಮುಟ್ಟಿಲ್ಲ ಅಂದರೆ ತೇಜಸ್ವಿಯವರ ‘ಕರ್ವಾಲೊ’ (1980) ಹಿಡಿಯಿರಿ. ಹಾರುವ ಓತಿಯನ್ನು ಹುಡುಕಿ ಕಾಡಿಗೆ ಹೊರಟವರ ಕಥೆ. ಮಂದಣ್ಣನ ಹಿಂದೆ ಸುಮ್ನೆ ನಡೆದರೆ ಸಾಕು, ಪುಟ ಸರಿದದ್ದೇ ಗೊತ್ತಾಗುವುದಿಲ್ಲ.

ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಹಾಗಲ್ಲ. ಪುಟ ಕಡಿಮೆ, ಭಾರ ಜಾಸ್ತಿ. ಅಪ್ಪನ ಹಟಕ್ಕೆ ನಾದಿರಾಳ ಸಂಸಾರ ಮುರಿಯುತ್ತದೆ. ಮತ್ತೆ ಅದೇ ಗಂಡನನ್ನು ಸೇರಬೇಕಾದರೆ ಮೊದಲು ಬೇರೊಬ್ಬನನ್ನು ಮದುವೆಯಾಗಿ ಅವನಿಂದ ತಲಾಖ್ ಪಡೆಯಬೇಕು. ಆ ಭಾಗ ಓದುವಾಗ ನಮ್ಮ ಬಸ್ಸು ಕಾಸರಗೋಡಿನ ಚಂದ್ರಗಿರಿ ಸೇತುವೆಯ ಮೇಲಿತ್ತು. ಕೆಳಗೆ ಕೆಂಪು ನೀರು. ಪುಸ್ತಕ ಮುಚ್ಚಿ ಕೂತುಬಿಟ್ಟೆ. ಲೇಖಕಿ ಹುಟ್ಟಿದ್ದೂ ಕಾಸರಗೋಡಿನಲ್ಲೇ ಅಲ್ವಾ, ಅದಕ್ಕೋ ಏನೋ ನಾದಿರಾ ನೆರೆಮನೆಯ ಹುಡುಗಿಯ ಹಾಗೆ ಕಂಡಳು. ನನ್ನ ಆಯ್ಕೆ ಇದೇ. ಮಲಗುವ ಮುಂಚೆ ಮಾತ್ರ ಓದಬೇಡಿ.