ನಾಲ್ಕು ವರ್ಷ, ಮೂರು ಫ್ಯಾನ್: 9.9 ಎಚ್‌ಪಿ ಔಟ್‌ಬೋರ್ಡ್‌ಗೆ ಕೊನೆಗೆ 7 ಪಿಚ್ ಹಾಕಿದೆ

ಮೊದಲೇ ಹೇಳಿಬಿಡುತ್ತೇನೆ, ನನ್ನದು 18 ಅಡಿಯ ಫೈಬರ್ ದೋಣಿ, ಹಿಂದೆ ಹೊರಗಡೆ ಸಿಕ್ಕಿಸಿದ 9.9 ಎಚ್‌ಪಿ ಫೋರ್‌ಸ್ಟ್ರೋಕ್ ಎಂಜಿನ್, ಔಟ್‌ಬೋರ್ಡ್ ಅನ್ನುವುದು ಇದಕ್ಕೇ. ದೋಣಿ ಇರುವುದು ತದಡಿಯಲ್ಲಿ. ಓಡಾಟ ಹೆಚ್ಚಾಗಿ ಅಘನಾಶಿನಿ ಹೊಳೆಯ ಒಳಗೇ, ದಿವಗಿ ಕಡೆ ತನಕ. ಸಮುದ್ರ ಸುಮ್ಮನಿದ್ದ ದಿನ ಅಳಿವೆ ದಾಟಿ ಸ್ವಲ್ಪ ಹೊರಗೆ. ಹಾಗಾಗಿ ದೊಡ್ಡ ಎಂಜಿನ್‌ನವರಿಗೆ ನನ್ನ ಅನುಭವ ಅಷ್ಟೇನೂ ಉಪಯೋಗಕ್ಕೆ ಬರಲಿಕ್ಕಿಲ್ಲ.

ಅಂಗಡಿಯಲ್ಲಿ ಪ್ರೊಪೆಲ್ಲರ್ ಅನ್ನುತ್ತಾರೆ, ದಕ್ಕೆಯಲ್ಲಿ ಎಲ್ಲರಿಗೂ ಅದು ಫ್ಯಾನ್. ಅದರ ಮೇಲೆ ಎರಡು ಅಂಕೆ ಇರುತ್ತದೆ. ಎಂಜಿನ್ ಜೊತೆ ಬಂದದ್ದರಲ್ಲಿ 9¼ × 10 ಅಂತ ಇತ್ತು. ಮೊದಲನೆಯದು ಅಡ್ಡಳತೆ. ಎರಡನೆಯದು ಪಿಚ್, ಅಂದರೆ ನೀರಲ್ಲಿ ಚೂರೂ ಜಾರದಿದ್ದರೆ ಒಂದು ಸುತ್ತಿಗೆ ಎಷ್ಟು ಇಂಚು ಮುಂದೆ ಹೋಗಬೇಕು ಅನ್ನುವ ಲೆಕ್ಕ. ಆದರೆ ಜಾರದೆ ಎಲ್ಲಿರುತ್ತದೆ!

2021ರ ಡಿಸೆಂಬರಿನಲ್ಲಿ ಎಂಜಿನ್ ತಂದೆ. ಮಾರಿದವರು ನನ್ನೊಬ್ಬನನ್ನೇ ಕೂರಿಸಿ ಒಂದು ಸುತ್ತು ಹೊಡೆಸಿದರು. ದೋಣಿ ಚೆನ್ನಾಗಿಯೇ ಹಾರಿತು. ತಾಪತ್ರಯ ಶುರುವಾದದ್ದು ಆಮೇಲೆ. ಇಬ್ಬರು, ಬಲೆ, ಐಸ್ ಪೆಟ್ಟಿಗೆ, ಎರಡು ಕ್ಯಾನ್ ಪೆಟ್ರೋಲ್ ಹಾಕಿಕೊಂಡು ಇಳಿತದ ನೀರಿಗೆ ಎದುರಾಗಿ ಬರುವಾಗ ಎಕ್ಸಲರೇಟರ್ ಹಿಡಿ ಪೂರ್ತಿ ತಿರುಗಿಸಿದರೂ ದೋಣಿ ಮೂಗು ಎತ್ತಿಕೊಂಡು ನೀರು ತಳ್ಳುತ್ತಿತ್ತೇ ಹೊರತು ಮುಂದೆ ಹೋಗುತ್ತಿರಲಿಲ್ಲ. ಪಕ್ಕದ ದೋಣಿಯ ಅಜ್ಜ ಒಬ್ಬರು ಒಂದು ದಿನ ಕೇಳಿಯೇ ಬಿಟ್ಟರು, "ತಮಾ, ನಿನ್ನ ಎಂಜಿನ್ ಏದುಸಿರು ಬಿಡ್ತಾ ಅದೆ, ಕೇಳೂದಿಲ್ವಾ ನಿಂಗೆ?"

ನನಗೆ ಕೇಳಿದ್ದು ಬೇರೆಯೇ. ಸ್ಪೀಡ್ ಸಾಲದು ಅಂದುಕೊಂಡೆ. ಪಿಚ್ ಜಾಸ್ತಿ ಆದರೆ ಸ್ಪೀಡ್ ಜಾಸ್ತಿ ಅಂತ ಯಾರೋ ಹೇಳಿದ್ದು ತಲೆಯಲ್ಲಿತ್ತು, ಹೋಗಿ 11 ಪಿಚ್‌ನ ಸ್ಟೀಲ್ ಫ್ಯಾನ್ ತಂದೆ. ಅಲ್ಯುಮಿನಿಯಂದಕ್ಕಿಂತ ಎಷ್ಟೋ ಪಟ್ಟು ದುಡ್ಡು. ನೋಡಲು ಕನ್ನಡಿ. ದೋಣಿ ಮೊದಲಿಗಿಂತ ನಿಧಾನ! ಸೈಕಲ್ಲಿನಲ್ಲಿ ಟಾಪ್ ಗೇರ್ ಹಾಕಿ ದೇವಿಮನೆ ಘಾಟಿ ಹತ್ತಿದ ಹಾಗೆ. ಎರಡು ತಿಂಗಳಿಗೆ ಪ್ಲಗ್ ಬಿಚ್ಚಿದರೆ ಮಸಿ ಹಿಡಿದು ಕಪ್ಪಾಗಿತ್ತು.

ಆಗ ಮಾಡಿದ ಒಂದೇ ಬುದ್ಧಿವಂತ ಕೆಲಸ ಅಂದರೆ ಟ್ಯಾಕೋಮೀಟರ್ ತಂದದ್ದು. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ (ಅದೇ ಆರ್‌ಪಿಎಂ) ಅಂತ ತೋರಿಸುವ, ಪ್ಲಗ್ ವೈರಿಗೆ ಸುತ್ತುವ ಸಣ್ಣ ಡಿಜಿಟಲ್ ಡಬ್ಬಿ, ಒಂದು ಫ್ಯಾನಿನ ಬೆಲೆಗೆ ಹೋಲಿಸಿದರೆ ಏನೂ ಅಲ್ಲ. ನನ್ನ ಎಂಜಿನ್ನಿನ ಪುಸ್ತಕದಲ್ಲಿ ಪೂರ್ತಿ ತಿರುಗಿಸಿದಾಗ 5000ದಿಂದ 6000 ಆರ್‌ಪಿಎಂ ಒಳಗೆ ಇರಬೇಕು ಅಂತ ಬರೆದಿದೆ. ಹಳೆಯ 10 ಪಿಚ್ ಮತ್ತೆ ಹಾಕಿ ನೋಡಿದೆ. ಒಬ್ಬನೇ ಇದ್ದಾಗ 5300, ಸರಿಯಾಗಿಯೇ ಇದೆ. ತುಂಬಿದ ದೋಣಿಯಲ್ಲಿ 4500. ಸ್ಟೀಲಿನದ್ದು 4300ಕ್ಕೇ ನಿಂತಿತು. ಅಂದರೆ ಅಂಗಡಿಯವರು ಸುಳ್ಳು ಹೇಳಿರಲಿಲ್ಲ, ಖಾಲಿ ದೋಣಿಗೆ ಸರಿಯಾದ ಫ್ಯಾನನ್ನೇ ಕೊಟ್ಟಿದ್ದರು. ನಾನು ಖಾಲಿ ದೋಣಿ ಓಡಿಸುವವನಲ್ಲ, ಅಷ್ಟೇ.

ಪಿಚ್ ಒಂದು ಇಂಚು ಇಳಿಸಿದರೆ ಸುಮಾರು 150ರಿಂದ 200 ಆರ್‌ಪಿಎಂ ಏರುತ್ತದೆ, ಇದು ಎಲ್ಲ ಕಡೆ ಬಳಸುವ ಅಂದಾಜು. ಹಾಗೆ ಲೆಕ್ಕ ಹಾಕಿ 2022ರ ನವೆಂಬರಿನಲ್ಲಿ 9¼ × 7 ಅಲ್ಯುಮಿನಿಯಂ, ಮೂರು ರೆಕ್ಕೆಯದ್ದು ತಂದೆ. ಅದೇ ಭಾರಕ್ಕೆ 5100 ಸಿಕ್ಕಿತು. ಜಿಪಿಎಸ್‌ನಲ್ಲಿ ಮೊದಲು ಗಂಟೆಗೆ 13 ಕಿಲೋಮೀಟರ್ ಬರುತ್ತಿದ್ದದ್ದು 16ಕ್ಕೆ ಬಂತು. ಪಿಚ್ ಇಳಿಸಿದೆ, ಸ್ಪೀಡ್ ಏರಿತು!

ನಂಬಿಕೆ ಬಾರದವರು ಲೆಕ್ಕ ಹಾಕಿ. ಆರ್‌ಪಿಎಂ ಅನ್ನು ಗೇರ್ ಅನುಪಾತದಿಂದ ಭಾಗಿಸಿ (ಫ್ಯಾನ್ ಒಂದು ಸುತ್ತು ತಿರುಗಲು ಎಂಜಿನ್ ಎಷ್ಟು ಸುತ್ತಬೇಕು ಅನ್ನುವುದು, ನನ್ನದು 2.08), ಪಿಚ್‌ನಿಂದ ಗುಣಿಸಿ, ಮತ್ತೆ 0.001524ರಿಂದ ಗುಣಿಸಿದರೆ ಜಾರದೇ ಇದ್ದಾಗಿನ ಕಿಲೋಮೀಟರ್ ವೇಗ ಬರುತ್ತದೆ. 10 ಪಿಚ್, 4500ಕ್ಕೆ ಅದು 33. ಬಂದದ್ದು 13, ಅರ್ಧಕ್ಕಿಂತ ಜಾಸ್ತಿ ನೀರುಪಾಲು. 7 ಪಿಚ್, 5100ಕ್ಕೆ 26, ಬಂದದ್ದು 16. ಭಾರದ ದೋಣಿಗೆ ಇದು ಪರವಾಗಿಲ್ಲ.

ಅಳೆಯುವ ಮೊದಲು ಎರಡು ವಿಷಯ ನೋಡಿಕೊಳ್ಳಿ. ದೋಣಿಯ ತಳ ಕೆರೆದು ಚಿಪ್ಪು ತೆಗೆಯಿರಿ, ಇಲ್ಲದಿದ್ದರೆ ಆರ್‌ಪಿಎಂ ಇಳಿದದ್ದಕ್ಕೆ ಸುಮ್ನೆ ಫ್ಯಾನನ್ನು ಬೈಯುತ್ತೀರಿ. ಫ್ಯಾನಿನ ಮೇಲಿನ ಚಪ್ಪಟೆ ಪ್ಲೇಟ್ ದೋಣಿ ತಳದ ಮಟ್ಟಕ್ಕೆ ಅಥವಾ ಸ್ವಲ್ಪ ಕೆಳಗೆ ಇರಬೇಕು. ಮೇಲಿದ್ದರೆ ತಿರುವಿನಲ್ಲಿ ಗಾಳಿ ಎಳೆದು ಎಂಜಿನ್ ಕಿರುಚುತ್ತದೆ, ಮೀಟರ್ ತೋರಿಸುವ ಅಂಕೆಯೂ ಸುಳ್ಳಾಗುತ್ತದೆ.

ಮೂರು ವರ್ಷದಲ್ಲಿ ಈ ಫ್ಯಾನ್ ಏನೇನು ತಿಂದಿದೆ ಕೇಳಬೇಡಿ. ಮಳೆಗಾಲದಲ್ಲಿ ತೇಲಿ ಬರುವ ತೆಂಗಿನ ಹೆಡೆ, ಇಳಿತದಲ್ಲಿ ಕೆಸರು, ಬಳಚಿನ ಚಿಪ್ಪು. ಒಂದು ರೆಕ್ಕೆಯ ತುದಿ ಬಂಡೆಗೆ ಬಡಿದು ಕಿತ್ತು ಹೋಗಿತ್ತು, ಅರ ಹಾಕಿ ಉಜ್ಜಿ ನಯ ಮಾಡಿಕೊಂಡೆ. ಹೊಳೆಯಲ್ಲಿ ಓಡುವವರಿಗೆ ನಾನು ಅಲ್ಯುಮಿನಿಯಂ ಅನ್ನೇ ಹೇಳುವುದು. ಬಡಿದಾಗ ರೆಕ್ಕೆ ಬಾಗಿ ಏಟು ತಿನ್ನುತ್ತದೆ. ಸ್ಟೀಲ್ ಬಾಗುವುದಿಲ್ಲ, ಏಟು ಗೇರಿನ ಕಡೆ ಹೋಗುತ್ತದೆ. ಗೇರು ಹೋದರೆ ಆಗುವ ಖರ್ಚಿನ ಮುಂದೆ ಫ್ಯಾನಿನದ್ದು ಜುಜುಬಿ.

ಬಂಡೆಗಿಂತ ಕೆಟ್ಟದ್ದು ನೈಲಾನ್ ದಾರ. 2023ರಲ್ಲಿ ಒಮ್ಮೆ ಫ್ಯಾನ್ ಬಿಚ್ಚಿದರೆ ಹಿಂದೆ ಶಾಫ್ಟಿನ ಸುತ್ತ ಬಲೆಯ ದಾರ ಬಳೆಯ ಹಾಗೆ ಬಿಗಿದು ಕೂತಿತ್ತು, ಬಿಸಿಗೆ ಕರಗಿ ಒಂದಕ್ಕೊಂದು ಅಂಟಿಕೊಂಡು. ಚೂರಿಯಲ್ಲಿ ಸೀಳಿ ತೆಗೆದೆ. ಅಷ್ಟರಲ್ಲಿ ಸೀಲ್ ಕಡಿದು ನೀರು ಒಳಗೆ ಹೋಗಿತ್ತು. ಗೇರ್ ಆಯಿಲ್ ಇಳಿಸಿದರೆ ಹಾಲು ಹಾಕಿದ ಕಾಫಿ. ಅಂದಿನಿಂದ ತಿಂಗಳಿಗೊಮ್ಮೆ ಬಿಚ್ಚುತ್ತೇನೆ. ನ್ಯೂಟ್ರಲ್‌ನಲ್ಲಿಟ್ಟು, ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ಚಿನ ಹಗ್ಗ ತೆಗೆದು, ಪ್ಲಗ್ ವೈರ್ ಕಿತ್ತು, ರೆಕ್ಕೆಗೂ ಪ್ಲೇಟಿಗೂ ನಡುವೆ ಒಂದು ಮರದ ತುಂಡು ಇಟ್ಟು ನಟ್ ತಿರುಗಿಸುವುದು. ಹಾಕುವಾಗ ಶಾಫ್ಟಿಗೆ ಗ್ರೀಸ್, ಮುಂದಿನ ದಪ್ಪ ವಾಷರ್ ಮರೆಯಬಾರದು, ಸ್ಪ್ಲಿಟ್ ಪಿನ್ ಪ್ರತಿ ಸಲ ಹೊಸದು.

7 ಪಿಚ್‌ನ ದೂರು ಒಂದೇ. ಒಬ್ಬನೇ ಹೋದರೆ ಪೂರ್ತಿ ತಿರುಗಿಸಿದಾಗ 5900 ದಾಟುತ್ತದೆ, ಹಾಗಾಗಿ ಮುಕ್ಕಾಲಿಗೇ ಬಿಡುತ್ತೇನೆ. ಅರ್ಧ ದಿನ ಒಬ್ಬರೇ, ಅರ್ಧ ದಿನ ಭಾರ ಅನ್ನುವವರು 8 ನೋಡಬಹುದು.

ಹೊಸ ಫ್ಯಾನ್ ತಂದ ದಿನವೇ ಹಿಂಬದಿಯಲ್ಲಿ ಒಳಗಿನ ಹಿತ್ತಾಳೆ ಬುಷ್‌ನಿಂದ ಹೊರಗಿನ ಅಲ್ಯುಮಿನಿಯಂ ತನಕ ಪೇಂಟಿನಲ್ಲಿ ಒಂದು ನೇರ ಗೆರೆ ಎಳೆಯಿರಿ. ನಡುವೆ ಇರುವುದು ರಬ್ಬರ್. ಅದು ಸಡಿಲವಾದರೆ ಎಂಜಿನ್ ಕೂಗುತ್ತದೆ, ದೋಣಿ ಅಲ್ಲೇ ಇರುತ್ತದೆ, ನಿಧಾನಕ್ಕೆ ಬಿಟ್ಟರೆ ಮಾತ್ರ ಮನೆ ಮುಟ್ಟುತ್ತೀರಿ. ಗೆರೆ ಸರಿದಿದ್ದರೆ ಮೊದಲೇ ಗೊತ್ತಾಗುತ್ತದೆ ಅಲ್ವಾ? ನನ್ನದರಲ್ಲಿ ಕಳೆದ ವಾರ ಉಗುರಿನಷ್ಟು ಸರಿದಿತ್ತು. ಇನ್ನೊಂದು 9¼ × 7ಕ್ಕೆ ಹೇಳಿಟ್ಟಿದ್ದೇನೆ, ಬರುವ ತನಕ ಹಳೆಯ 10 ಹಾಕಿಕೊಂಡು ಒಬ್ಬನೇ ಹೋಗಿ ಬರುತ್ತಿದ್ದೇನೆ.