ಚೈನ್‌ಸಾ ಮಫ್ಲರ್ ಮಾಡ್: ಕೆಲವು ಮಳೆಗಾಲ ಓಡಿಸಿದ ಮೇಲೆ

ನನ್ನ ಮರ ಕೊಯ್ಯುವ ಚೈನ್‌ಸಾ ಸ್ಟಿಲ್ ಎಂಎಸ್ 250. 45.4 ಸಿಸಿ, 2.3 ಕಿಲೋವ್ಯಾಟ್. ಬೆಂಗಳೂರಲ್ಲಿ ಏಪ್ರಿಲ್, ಮೇ ಮಳೆಗೆ ಬೀಳುವ ಗುಲ್‌ಮೊಹರ್, ರೈನ್ ಟ್ರೀ ತುಂಡು ಮಾಡೋದೇ ಇದರ ಮುಖ್ಯ ಕೆಲಸ. ಕಂಪನಿಯಿಂದ ಬಂದ ಹಾಗೇ ಚೆನ್ನಾಗಿತ್ತು. ದಪ್ಪ ಬೊಡ್ಡೆಗೆ ಇನ್ನೊಂಚೂರು ದಮ್ ಬೇಕಿತ್ತು, ಮಫ್ಲರ್ ಮಾಡ್, ಅಂದರೆ ಹೊಗೆ ಹೊರಹೋಗುವ ಸೈಲೆನ್ಸರ್‌ನಲ್ಲಿ ಬದಲಾವಣೆ, ಮಾಡಿಸಿದೆ.

ಸದ್ದು ಕಡಿಮೆ ಇರಲಿ ಅಂತ ಮಫ್ಲರ್ ಬಾಯಿ ಚಿಕ್ಕದಾಗಿ ಇಟ್ಟಿರುತ್ತಾರೆ. ಅದನ್ನು ಅಗಲ ಮಾಡಬೇಕು, ಆದರೆ ಸಿಲಿಂಡರಿನಿಂದ ಹೊಗೆ ಹೊರಬರುವ ತೂತು, ಅಂದರೆ ಎಕ್ಸಾಸ್ಟ್ ಪೋರ್ಟ್‌ಗಿಂತ ದೊಡ್ಡದು ಬೇಡ. ಕೊರೆದ ಲೋಹದ ಚೂರು ಒಂದೂ ಒಳಗೆ ಉಳಿಯಬಾರದು.

ನಿಜವಾದ ಕೆಲಸ ಇರೋದು ಗಾಳಿ, ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್‌ನಲ್ಲಿ. ಹೊಗೆ ಸಲೀಸಾಗಿ ಹೋದರೆ ಎಂಜಿನ್ ಗಾಳಿ ಜಾಸ್ತಿ ಎಳೆಯುತ್ತದೆ, ಪೆಟ್ರೋಲ್ ಸಾಲದೆ ಲೀನ್ ಆಗುತ್ತದೆ. ಟೂ-ಸ್ಟ್ರೋಕ್‌ಗೆ ಆಯಿಲ್ ಸಿಗೋದೂ ಪೆಟ್ರೋಲ್ ಜೊತೆಯಲ್ಲೇ ಅಲ್ವಾ? ಪಿಸ್ಟನ್ ಕಾದು ಗೀರು ಬಿದ್ದು ಸೀಜ್ ಆಗುತ್ತದೆ. ಹಾಗಾಗಿ ಜೋರು ಓಟದಲ್ಲಿ ಪೆಟ್ರೋಲ್ ಎಷ್ಟು ಹೋಗಬೇಕು ಅಂತ ಹೊಂದಿಸುವ ಎಚ್ ಸ್ಕ್ರೂ ಸ್ವಲ್ಪ ಎಡಕ್ಕೆ ತಿರುಗಿಸಿ ಪೆಟ್ರೋಲ್ ಜಾಸ್ತಿ ಮಾಡಲೇಬೇಕು. ಕೆಲವು ಮಾಡೆಲ್‌ಗಳಲ್ಲಿ ಈ ಸ್ಕ್ರೂ ಇರುವುದೇ ಇಲ್ಲ. ಅಂಥದ್ದಕ್ಕೆ ಮಫ್ಲರ್ ಮುಟ್ಟಬೇಡಿ.

ಟ್ಯೂನಿಂಗ್ ಸರಿಯಿದೆಯಾ ಅಂತ ಕಿವಿಗೇ ಗೊತ್ತಾಗುತ್ತದೆ. ಏರ್ ಫಿಲ್ಟರ್ ಕ್ಲೀನ್ ಇರಬೇಕು, ಎಂಜಿನ್ ಬಿಸಿಯಾಗಿರಬೇಕು. ಮರ ಮುಟ್ಟಿಸದೆ ಪೂರ್ತಿ ಥ್ರಾಟಲ್ ಕೊಡಿ. ಸದ್ದು ಸ್ವಲ್ಪ ಒಡೆದು ಬರಬೇಕು. ಬಾರ್ (ಚೈನ್ ಸುತ್ತುವ ಪಟ್ಟಿ) ಮರಕ್ಕೆ ಇಳಿದ ಕೂಡಲೇ ಅದು ಸಾಫ್ ಆಗಬೇಕು. ಮರ ಮುಟ್ಟುವ ಮೊದಲೇ ಕೀರಲು ದನಿ ಬಂತೋ, ಲೀನ್ ಇದೆ ಅಂತ, ತಕ್ಷಣ ಥ್ರಾಟಲ್ ಬಿಡಿ. ಎಂಜಿನ್ ಸುತ್ತು ಅಳೆಯುವ ಟ್ಯಾಕೋಮೀಟರ್ ಇದ್ದರೆ ಮ್ಯಾನುವಲ್‌ನಲ್ಲಿ ಹೇಳಿದ ಗರಿಷ್ಠ ಆರ್‌ಪಿಎಂ ದಾಟದಂತೆ ನೋಡಿಕೊಳ್ಳಿ.

ನನಗಂತೂ ತುಂಬಾ ಖುಷಿಯಾಗಿದೆ. ಬೊಡ್ಡೆಯೊಳಗೆ ಎಂಜಿನ್ ಮೊದಲಿನಂತೆ ಕುಗ್ಗುವುದಿಲ್ಲ. ಪೆಟ್ರೋಲ್ ಸ್ವಲ್ಪ ಜಾಸ್ತಿ ಕುಡಿಯುತ್ತದೆ. ಸದ್ದೂ ಜೋರಾಗಿದೆ, ಹಾಗಾಗಿ ಇಯರ್ ಮಫ್ ಇಲ್ಲದೆ ಸ್ಟಾರ್ಟ್ ಮಾಡುವುದಿಲ್ಲ. ವಸತಿ ಬೀದಿಗಳಲ್ಲಿ ಬೆಳಗ್ಗೆ ಬೇಗ ಕೆಲಸ ಹಿಡಿಯುವುದನ್ನೂ ಬಿಟ್ಟಿದ್ದೇನೆ. ಆದರೆ ಚೈನ್ ಮೊಂಡಾಗಿದ್ದರೆ ಇದೆಲ್ಲ ಸುಮ್ನೆ ದಂಡ. ನನ್ನ .325 ಇಂಚು ಪಿಚ್ (ಕೊಂಡಿಗಳ ಅಂತರ) ಚೈನಿಗೆ 4.8 ಮಿ.ಮೀ. ಉರುಟು ಅರ ಸದಾ ಜೇಬಲ್ಲಿರುತ್ತದೆ.

ಪೋರ್ಟಿಂಗ್ (ಸಿಲಿಂಡರಿನ ತೂತುಗಳನ್ನು ಉಜ್ಜಿ ದೊಡ್ಡದು ಮಾಡೋದು) ಮಾಡಿಸಿಲ್ಲ, ಮಾಡಿಸುವುದೂ ಇಲ್ಲ. ಸಿಲಿಂಡರಿನ ಒಳಲೇಪನ ಒಂದು ಕಡೆ ಕಿತ್ತರೂ ಪಿಸ್ಟನ್ ರಿಂಗ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ದಿನದ ಅನ್ನ ದುಡಿಯುವ ಮೆಷಿನ್ ಮೇಲೆ ಆ ಪ್ರಯೋಗ ಬೇಡ.

ಇನ್ನೊಂದು ಮಾತು. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿ ತೆಳು. ಇಲ್ಲಿ ಟ್ಯೂನ್ ಮಾಡಿದ್ದನ್ನು ಹಾಗೇ ಕಡಲತೀರದ ಮಂಗಳೂರಿಗೆ ಒಯ್ದರೆ, ಅಲ್ಲಿ ಗಾಳಿ ದಟ್ಟ ಇರೋದರಿಂದ, ಲೀನ್ ಆಗುತ್ತದೆ. ಅಲ್ಲಿ ಮೊದಲ ಮರಕ್ಕೆ ಇಳಿಸುವ ಮುಂಚೆ ಎಚ್ ಸ್ಕ್ರೂ ಮತ್ತೆ ಹೊಂದಿಸಿಕೊಳ್ಳಿ.