ಬೈಕಿನಲ್ಲಿ ಬಂದ ಅರ್ಧ ಬೆಲೆಯ ಬಿಪಿ ಮಾತ್ರೆ: ಕೋಲಾರ ಕಡೆಯವರು ದಯವಿಟ್ಟು ಓದಿ

ಬಿಪಿ, ಶುಗರ್ ಮಾತ್ರೆಯನ್ನು ಅರ್ಧ ಬೆಲೆಗೆ ಕೊಡುತ್ತೇವೆ ಎಂದು ಮನೆಬಾಗಿಲಿಗೆ ಬರುವವರಿಂದ ಒಂದು ಸ್ಟ್ರಿಪ್ ಕೂಡ ತಗೋಬೇಡಿ. ಶ್ರೀನಿವಾಸಪುರ, ಮುಳಬಾಗಿಲು, ಚಿಂತಾಮಣಿ ಸುತ್ತಮುತ್ತ ವಯಸ್ಸಾದವರಿರುವ ಮನೆಯವರು ಇದನ್ನು ಪೂರ್ತಿ ಓದಿ, ಅವರಿಗೂ ಓದಿ ಹೇಳಿ.

ನಮ್ಮ ಸೋದರಮಾವನಿಗೆ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಮಾವಿನ ತೋಟವಿದೆ. ವಯಸ್ಸು ಅರವತ್ತು ದಾಟಿದೆ. ಬಿಪಿಗೆ ವರ್ಷಗಳಿಂದ ಟೆಲ್ಮಿಸಾರ್ಟನ್ ತಗೊಳ್ಳುತ್ತಿದ್ದರು, ಹತೋಟಿಯಲ್ಲೇ ಇತ್ತು. ಸುಗ್ಗಿಯಲ್ಲಿ ಪೇಟೆಗೆ ಹೋಗಿಬರಲು ನಮ್ಮ ಕಡೆ ಯಾರಿಗೂ ಪುರುಸೊತ್ತಿರುವುದಿಲ್ಲ. ಅದೇ ಹೊತ್ತಿಗೆ ಒಬ್ಬ ಬೈಕಿನಲ್ಲಿ ಬ್ಯಾಗ್ ತುಂಬಿಕೊಂಡು, ಕೊರಳಿಗೆ ಐಡಿ ಕಾರ್ಡ್ ಹಾಕಿಕೊಂಡು ಬಂದ. "ಕಂಪನಿಯಿಂದ ನೇರವಾಗಿ ತರ್ತೀವಿ ಯಜಮಾನ್ರೇ, ಅಂಗಡಿ ಕಮಿಷನ್ ಇಲ್ಲ, ಅದಕ್ಕೇ ಅರ್ಧ ರೇಟು" ಎಂದ. ಹಳೇ ಸ್ಟ್ರಿಪ್ ತೋರಿಸಿದರೆ ಅದೇ ಹೆಸರು, ಅದೇ ಬಣ್ಣದ್ದನ್ನು ಬ್ಯಾಗಿನಿಂದ ತೆಗೆದುಕೊಟ್ಟ. ಬೀದಿಯ ಇನ್ನೂ ನಾಲ್ಕಾರು ಮನೆಯವರು ತಗೊಂಡರು. ಬಿಲ್ ಮಾತ್ರ ಯಾರಿಗೂ ಸಿಗಲಿಲ್ಲ.

ಕೆಲವು ವಾರಗಳಲ್ಲಿ ಮಾವನಿಗೆ ತಲೆ ಭಾರ, ಕತ್ತು ಹಿಡಿದ ಹಾಗೆ. ಬಿಸಿಲಿಗಿರಬೇಕು ಎಂದುಕೊಂಡರು. ಒಂದು ದಿನ ತೋಟದಲ್ಲೇ ಕುಸಿದುಬಿದ್ದರು. ಕೋಲಾರದ ಆಸ್ಪತ್ರೆಯಲ್ಲಿ ನೋಡಿದಾಗ ಮೇಲಿನ ಬಿಪಿ ಇನ್ನೂರು ದಾಟಿತ್ತು. ಮಾತ್ರೆ ಬಿಟ್ಟಿದ್ದೀರಾ ಎಂದು ಡಾಕ್ಟರ್ ಕೇಳಿದರೆ ಅತ್ತೆ ಅಳುತ್ತಲೇ, "ಒಂದು ದಿನವೂ ತಪ್ಪಿಸಿಲ್ಲ ಸಾರ್, ನಾನೇ ಕೈಗೆ ಕೊಡ್ತೀನಿ" ಎಂದರು. ಆಗ ಡಾಕ್ಟರ್ ಆ ಮಾತ್ರೆ ತರಲು ಹೇಳಿದರು. ಮೆಡಿಕಲ್ ಶಾಪಿನ ಸ್ಟ್ರಿಪ್ಪನ್ನು ಪಕ್ಕದಲ್ಲಿಟ್ಟು ನೋಡಿದಾಗಲೇ ನಮಗೂ ಕಂಡಿದ್ದು: ಹೆಬ್ಬೆರಳಿನಿಂದ ಉಜ್ಜಿದರೆ ಅಕ್ಷರ ಅಳಿಸುತ್ತಿತ್ತು, ಕಂಪನಿಯ ವಿಳಾಸದಲ್ಲಿ ಕಾಗುಣಿತ ತಪ್ಪಿತ್ತು, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಏನೂ ತೆರೆದುಕೊಳ್ಳಲಿಲ್ಲ. ಬೇರೆ ಮಾತ್ರೆ ಶುರುಮಾಡಿದ ಮೇಲೆ ಬಿಪಿ ಇಳಿಯಿತು. ಮಾವ ಉಳಿದರು. ಅದನ್ನು ನೆನೆದರೆ ಈಗಲೂ ಕೈ ನಡುಗುತ್ತದೆ.

ನಕಲಿ ಮಾತ್ರೆ ಎಂದರೆ ವಿಷವೇ ಆಗಿರಬೇಕಿಲ್ಲ. ಅದರಲ್ಲಿ ಔಷಧವೇ ಇಲ್ಲದಿದ್ದರೂ ಸಾಕು. ಬಿಪಿ ಏರುವಾಗ ಎಷ್ಟೋ ಜನರಿಗೆ ಯಾವ ಸೂಚನೆಯೂ ಸಿಗುವುದಿಲ್ಲ, ಒಮ್ಮೆಲೇ ಪಾರ್ಶ್ವವಾಯು ಹೊಡೆಯುತ್ತದೆ. ಆ್ಯಂಟಿಬಯೋಟಿಕ್‌ನಲ್ಲಿ ಅರೆಬರೆ ಔಷಧವಿದ್ದರೆ ರೋಗಾಣು ಸಾಯುವ ಬದಲು ಇನ್ನಷ್ಟು ಗಟ್ಟಿಯಾಗುತ್ತದೆ. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಹತ್ತರಲ್ಲಿ ಒಂದು ಔಷಧ ಕಳಪೆ ಇಲ್ಲವೇ ನಕಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲೇ ಅಂದಾಜು ಮಾಡಿತ್ತು.

ಔಷಧ ನಿಯಂತ್ರಣ ಇಲಾಖೆಗೆ ದೂರು ಕೊಟ್ಟೆವು. ಇನ್ಸ್‌ಪೆಕ್ಟರ್ ಮೊದಲು ಕೇಳಿದ್ದೇ ಬಿಲ್. ಬೈಕಿನವನು ಕೊಟ್ಟಿದ್ದ ಫೋನ್ ನಂಬರ್ ಸ್ವಿಚ್ ಆಫ್. 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಗೆ 2008ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ನಕಲಿ ಔಷಧದಿಂದ ಜೀವ ಹೋದರೆ ಅಥವಾ ದೇಹಕ್ಕೆ ತೀವ್ರ ಹಾನಿಯಾದರೆ ಕನಿಷ್ಠ 10 ವರ್ಷದಿಂದ ಜೀವಾವಧಿಯವರೆಗೆ ಜೈಲು, ಕನಿಷ್ಠ 10 ಲಕ್ಷ ರೂಪಾಯಿ ದಂಡ. ಇಷ್ಟು ಕಠಿಣ ಕಾನೂನಿದ್ದರೂ ಮಾರಿದವನು ಯಾರೆಂದು ತೋರಿಸಲು ನಮ್ಮ ಬಳಿ ಒಂದು ಚೀಟಿ ಇರಲಿಲ್ಲ.

ಬಿಲ್ಲಿನಲ್ಲಿರುವ ಬ್ಯಾಚ್ ನಂಬರ್, ಅಂದರೆ ಒಂದೇ ಸಲಕ್ಕೆ ತಯಾರಾದ ಸರಕಿಗೆ ಕಂಪನಿ ಕೊಡುವ ಗುರುತಿನ ಸಂಖ್ಯೆ, ಎಷ್ಟು ಮುಖ್ಯ ಎಂಬುದಕ್ಕೆ 2025ರ ಕೆಮ್ಮಿನ ಸಿರಪ್ ದುರಂತ ನೋಡಿ. ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಕೋಲ್ಡ್ರಿಫ್ ಎಂಬ ಸಿರಪ್ ಕುಡಿದು ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತರು. ಅದು ನಕಲಿಯಲ್ಲ, ಲೈಸೆನ್ಸ್ ಇದ್ದ ಕಾರ್ಖಾನೆಯ ಕಲಬೆರಕೆ ಸರಕು. ಎಸ್‌ಆರ್-13 ಎಂಬ ಬ್ಯಾಚ್ ಹಿಡಿದು ತಮಿಳುನಾಡಿನ ಅಧಿಕಾರಿಗಳು ತಮ್ಮ ರಾಜ್ಯದಲ್ಲೇ ಇದ್ದ ಆ ಕಾರ್ಖಾನೆಗೇ ಹೋದರು. ಪರೀಕ್ಷೆಯಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ 48.6% ಸಿಕ್ಕಿತು. ಬ್ಯಾಚ್ ಗೊತ್ತಿಲ್ಲದಿದ್ದರೆ ಇನ್ನೆಷ್ಟು ಬಾಟಲಿ ಖಾಲಿಯಾಗುತ್ತಿದ್ದವೋ.

ಹಾಗಾಗಿ ಹತ್ತು ರೂಪಾಯಿ ಮಾತ್ರೆಗೂ ಬ್ಯಾಚ್ ನಂಬರ್ ಇರುವ ಬಿಲ್ ಕೇಳಿ. ನಮ್ಮಲ್ಲಿ ನಾಲ್ಕು ಮಾತ್ರೆ ಕತ್ತರಿಸಿ ಕವರಿಗೆ ಹಾಕಿಕೊಡುವ ರೂಢಿ ಇದೆ. ಬ್ಯಾಚ್, ಎಕ್ಸ್‌ಪೈರಿ ಇರುವ ತುದಿ ಅಂಗಡಿಯಲ್ಲೇ ಉಳಿಯುತ್ತದೆ. ದಿನಾ ತಗೊಳ್ಳುವ ಮಾತ್ರೆಯಾದರೆ ಪೂರ್ತಿ ಸ್ಟ್ರಿಪ್ ತಗೊಳ್ಳಿ. ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡ್‌ಗಳಿಗೆ 2023ರ ಆಗಸ್ಟ್‌ನಿಂದ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಕಡ್ಡಾಯ. ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ, ಅಲ್ಲಿ ಬರುವ ಬ್ಯಾಚ್ ನಂಬರನ್ನೂ ಸ್ಟ್ರಿಪ್ ಮೇಲಿನದನ್ನೂ ತಾಳೆ ನೋಡಿ. ಕೋಡನ್ನೂ ನಕಲು ಮಾಡಬಹುದು, ಆದ್ದರಿಂದ ಅದೊಂದನ್ನೇ ನಂಬಬೇಡಿ. ದುಡ್ಡು ಉಳಿಸಬೇಕೆಂದರೆ ಜನೌಷಧಿ ಕೇಂದ್ರಕ್ಕೆ ಹೋಗಿ, ಅಲ್ಲಿ ಕಡಿಮೆ ಬೆಲೆಗೂ ಬಿಲ್ ಕೊಡುತ್ತಾರೆ. ಅನುಮಾನ ಬಂದ ಔಷಧವನ್ನು ಶುಲ್ಕ ಕಟ್ಟಿ ಸರ್ಕಾರಿ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸುವ ಹಕ್ಕು ಮೇಲೆ ಹೇಳಿದ 1940ರ ಕಾಯ್ದೆಯ 26ನೇ ಸೆಕ್ಷನ್ ಪ್ರಕಾರ ಯಾರಿಗಾದರೂ ಇದೆ. ಮಾತ್ರೆಯಿಂದ ತೊಂದರೆಯಾದರೆ ತಿಳಿಸಲು 1800-180-3024 ಉಚಿತ ಸಹಾಯವಾಣಿ.

ಬೈಕಿನವನಿಂದ ತಗೊಂಡ ಮಾತ್ರೆ ನಿಮ್ಮ ಮನೆಯಲ್ಲೂ ಇದ್ದರೆ ಇವತ್ತೇ ಡಾಕ್ಟರಿಗೆ ತೋರಿಸಿ, ಅಂಗಡಿಯಿಂದ ಬಿಲ್ ಸಮೇತ ಹೊಸದು ತನ್ನಿ. ಔಷಧ ನಿಂತಿತೆಂದು ಒಂದು ದಿನವೂ ಹಾಗೇ ಬಿಡಬೇಡಿ. ಹಳೇ ಸ್ಟ್ರಿಪ್ ಖಾಲಿಯಾಗಿದ್ದರೂ ಎಸೆಯದೆ ಕೋಲಾರದ ಔಷಧ ನಿಯಂತ್ರಣ ಕಚೇರಿಗೆ ಮುಟ್ಟಿಸಿ. ಮಾವನ ಬೀದಿಯ ಸ್ಟ್ರಿಪ್‌ಗಳ ಬ್ಯಾಚ್ ನಂಬರ್ ಅಲ್ಲಿ ಬರೆದುಕೊಂಡಿದ್ದಾರೆ. ನಿಮ್ಮದೂ ಅದಕ್ಕೆ ಹೊಂದಿದರೆ ಅವನು ಎಲ್ಲೆಲ್ಲಿ ಮಾರಿದ್ದಾನೆ ಎಂಬುದಾದರೂ ಗೊತ್ತಾಗುತ್ತದೆ.